ಗೆರೆಗಿಂತ ಎರಡು ಬೆರಳು ಮೇಲೆ

ನನ್ನ ಗಂಡನ ದನಿ ಹೇಗಿದೆ ಎಂಬುದು ನಮ್ಮೂರಿಗೆ ಗೊತ್ತಾಗಿದ್ದು ಅವರು ಆ ದೊಡ್ಡ ಗಾಡಿ ತಂದ ದಿನ. ನಾನು ಹಿತ್ತಿಲಲ್ಲಿ ಅಕ್ಕಿ ತೊಳೆಯುತ್ತಿದ್ದೆ. "ಬಾ ನನ್ನ ಬಂಗಾರಾ, ಬಾ ನನ್ನ ರಾಣಿ, ಸಾವಕಾಶ, ಹಾಂ, ಹಂಗ" ಎಂದು ಅವರು ಕಿವಿಯ ಪಕ್ಕದಲ್ಲೇ ಹೇಳಿದಂತೆ ಕೇಳಿಸಿತು. ಮದುವೆಯಾದಾಗಿನಿಂದ ಅಂಥ ಮಾತು ಒಂದೂ ಕೇಳಿರಲಿಲ್ಲವಾಗಿ ಕೈಯಲ್ಲಿದ್ದ ಅಕ್ಕಿ ನೀರಿನ ಜೊತೆ ಬಚ್ಚಲಿಗೆ ಹೋಯಿತು. ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಬಜಾರದ ಇಕ್ಕಟ್ಟಾದ ಓಣಿಯಲ್ಲಿ ಗಾಡಿ ತಿರುಗಿಸುತ್ತ ಅವರು ಆ ಮಾತನ್ನು ಗಾಡಿಗೇ ಹೇಳಿದ್ದರು ಎಂದು ಆಮೇಲೆ ತಿಳಿಯಿತು. ಊರಿನ ಪ್ರತಿಯೊಬ್ಬರೂ ಅದನ್ನು ನನ್ನಷ್ಟೇ ಹತ್ತಿರದಿಂದ ಕೇಳಿದ್ದರು.

ನಮ್ಮೂರಿನಲ್ಲಿ ಬಾಯಿ ನೆಲದಿಂದ ಐದು ಅಡಿಗಿಂತ ಮೇಲಿದ್ದರೆ, ಆ ಬಾಯಿಂದ ಬಂದ ಮಾತು ಊರಿಗೆಲ್ಲ ಕೇಳುತ್ತದೆ. ಪಿಸುಗುಟ್ಟಿದರೂ ಅಷ್ಟೇ, ಕೂಗಿದರೂ ಅಷ್ಟೇ. ಐದು ಅಡಿಯ ಕೆಳಗೆ ಆಡಿದ್ದು ಎದುರಿಗಿದ್ದವರಿಗೆ ಮಾತ್ರ. ಹಾಗಾಗಿ ನಮ್ಮಲ್ಲಿ ಪ್ರತಿ ಮನೆಯ ಗೋಡೆಗೂ, ಅಂಗಡಿಗೂ, ಆಸ್ಪತ್ರೆಗೂ ಐದು ಅಡಿ ಎತ್ತರಕ್ಕೆ ಒಂದು ಕೆಮ್ಮಣ್ಣಿನ ಗೆರೆ ಎಳೆದಿರುತ್ತಾರೆ. ಎತ್ತರದವರು ಕುಕ್ಕರುಗಾಲಲ್ಲಿ ಕುಳಿತು ವ್ಯವಹಾರ ಮಾಡುತ್ತಾರೆ. ಮಾಳಿಗೆಯ ಮೇಲೆ ಹಪ್ಪಳ ಒಣಗಿಸಲು ಹೋದವರು ಬಾಯಿ ಬಿಗಿಹಿಡಿದು ಇಳಿದು ಬರುತ್ತಾರೆ. ಅಳುವ ಕೂಸನ್ನು ಯಾರೂ ಹೆಗಲಿಗೆ ಹಾಕಿಕೊಳ್ಳುವುದಿಲ್ಲ. ಯಾರಾದರೂ ಊರಿಗೆ ಕೇಳಲಿ ಎಂದೇ ಮಾತಾಡುವಾಗ, ಕೇಳುವವರು ಎದ್ದು ನಿಂತು, ಮಾತು ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರುವುದು ಮರ್ಯಾದೆ. ಪರ ಊರಿನ ಬಸ್ಸುಗಳು ಹೊರಗಿನ ನಿಲ್ದಾಣದಲ್ಲೇ ನಿಲ್ಲುತ್ತವೆ. ಒಳಗೆ ಬಂದರೆ ಅದರಲ್ಲಿರುವ ಅಷ್ಟೂ ಜನರ ಸಂಸಾರ ನಮ್ಮ ಅಡುಗೆಮನೆಗೆ ಬಂದುಬಿಡುತ್ತದೆ.

ನಾನು ಗಿಡ್ಡಿ. ನನ್ನ ನೆತ್ತಿಯೇ ಗೆರೆ ಮುಟ್ಟುವುದಿಲ್ಲ. ನಿಂತು, ನಡೆದು, ಓಡಿ, ಹೇಗೆ ಬೇಕಾದರೂ ಮಾತಾಡುವ ಭಾಗ್ಯ ನನ್ನದು, ಮತ್ತು ಅದನ್ನು ನಾನು ಹಾಳು ಮಾಡಿದವಳಲ್ಲ. ನನ್ನ ಗಂಡ ಚನ್ನವೀರಪ್ಪನವರು ಇದಕ್ಕೆ ಪೂರಾ ತದ್ವಿರುದ್ಧ. ಪೆಂಡಾಲ್ ಬಾಡಿಗೆಗೆ ಕೊಡುವುದು ಅವರ ಉದ್ಯೋಗ. ಏಣಿಯಿಲ್ಲದೆ ಬಟ್ಟೆ ಕಟ್ಟುವಷ್ಟು ಉದ್ದ ಮನುಷ್ಯ. ಪ್ರಾಯದಲ್ಲಿ ಮಾತಿಗೊಮ್ಮೆ ಕುಕ್ಕರಿಸಿ ಏಳುತ್ತಿದ್ದರು. ಮೊಣಕಾಲು ನೋವು ಶುರುವಾದ ಮೇಲೆ ಒಂದೊಂದೇ ಮಾತು ಬಿಟ್ಟರು. ಮನೆಯಲ್ಲಿ ಮಂಚದ ಮೇಲೆ ಕುಳಿತು ಮಾತಾಡಬಹುದಿತ್ತು, ಆದರೆ ಅಷ್ಟೊತ್ತಿಗೆ ಅವರಿಗೆ ಅಭ್ಯಾಸವೇ ತಪ್ಪಿಹೋಗಿತ್ತು. ಹ್ಞೂ, ಉಹ್ಞೂ, ಇನ್ನೊಂದ್ ರೊಟ್ಟಿ. ಇಷ್ಟರಲ್ಲಿ ಅವರ ದಿನ ಮುಗಿಯುತ್ತಿತ್ತು.

ನಮಗೆ ಮಕ್ಕಳಿಲ್ಲ. ಅವರ ಅಣ್ಣ ತೀರಿಕೊಂಡ ಮೇಲೆ ಅಣ್ಣನ ಮಗಳು ಕಸ್ತೂರಿಯನ್ನು ನಾವೇ ಸಾಕಿದೆವು. ಅವಳು ಚಿಕ್ಕಪ್ಪನ ಎತ್ತರಕ್ಕೇ ಬೆಳೆದಳು, ಆದರೆ ಅವರ ಹಾಗೆ ಬಾಯಿ ಹೊಲಿದುಕೊಳ್ಳಲಿಲ್ಲ. ಊರಿಗೆ ನೀರು ಬಿಡುವ ಸುದ್ದಿ ಹೇಳುವ ಕೆಲಸ ಅವಳದು. ಹಿಂದೆ ಆ ಕೆಲಸ ಮಾಡುತ್ತಿದ್ದವನು ಸ್ಟೂಲ್ ಹತ್ತಿ ನಿಲ್ಲಬೇಕಿತ್ತು. ಇವಳಿಗೆ ಸ್ಟೂಲೂ ಬೇಡ. ದಿನಾ ಮುಂಜಾನೆ ನಮ್ಮ ಕಟ್ಟೆಯ ಮುಂದೆ ನೆಟ್ಟಗೆ ನಿಂತು, "ಊರವರು ಕೇಳ್ರಿ. ಕೆಳಗಿನ ಓಣಿಗೆ ಈಗ ನೀರು ಬರ್ತೈತಿ. ಮೇಲಿನ ಓಣಿಯವ್ರು ಕೊಡ ತಗೊಂಡು ಸುಮ್ನ ನಿಂದರಬ್ಯಾಡ್ರಿ" ಎನ್ನುತ್ತಾಳೆ. ಊರು ಏಳುವುದೇ ಆ ದನಿಗೆ.

ಇಂಥ ಹುಡುಗಿಗೆ ನನ್ನ ಗಂಡ ಒಮ್ಮೆಲೇ ಗಂಡು ಹುಡುಕತೊಡಗಿದರು. ಮಾತಾಡದ ಮನುಷ್ಯ, ದಲ್ಲಾಳಿಗಳ ಮುಂದೆಲ್ಲ ನೋಯುವ ಮೊಣಕಾಲಲ್ಲಿ ಕುಕ್ಕರಿಸಿ ಕುಕ್ಕರಿಸಿ, ದೂರದ ಊರಿನ ಒಂದು ಮನೆತನವನ್ನು ಗೊತ್ತುಮಾಡಿಯೇ ಬಿಟ್ಟರು. ಬರುವ ಸೋಮವಾರ ಅವರು ಹೆಣ್ಣು ನೋಡಲು ಬರುವವರು. ಕಸ್ತೂರಿ ಆ ರಾತ್ರಿ ಉಣ್ಣಲಿಲ್ಲ.

"ಚಿಗವ್ವಾ, ಕಾಕಾಗ ನಾ ಯಾಕ ಬ್ಯಾಸರ ಆಗೀನಿ?" ಎಂದು ಕೇಳಿದಳು.

"ಹುಚ್ಚಿ, ಯಾರು ಹೇಳಿದ್ರು?"

"ಯಾರೂ ಹೇಳಬೇಕಾಗಿಲ್ಲ. ಇಷ್ಟು ಅವಸರ ಯಾಕ ಮಾಡ್ತಾನ? ನಿನಗ ಹೋಗಾಕ ಇಷ್ಟ ಐತೇನು ಅಂತ ಒಂದ್ ಮಾತು ಕೇಳಿಲ್ಲ. ನಾ ಇರೂದು ಬ್ಯಾಡ ಅಂದ್ರ ಹೋಗ್ತೀನಿ. ಆದ್ರ ಎಂಥಾ ಮಂದಿ ಮನಿಗೆ ಹೊಂಟೀನಿ ಅನ್ನೂದರ ತಿಳೀಬೇಕೋ ಬ್ಯಾಡೋ?"

ಅವಳ ಮೊದಲ ಪ್ರಶ್ನೆಯ ಉತ್ತರ ನನ್ನ ಗಂಡನ ಹೊಟ್ಟೆಯೊಳಗಿತ್ತು. ಗಂಡನನ್ನು ಕೇಳಿದರೆ ಹ್ಞೂ, ಉಹ್ಞೂಗಳ ನಡುವೆ ಎಲ್ಲಿ ಹುಡುಕಲಿ? ಎರಡನೆಯದಕ್ಕೆ ಮಾತ್ರ ಉಪಾಯವಿತ್ತು, ಅದು ಮನೆಯ ಮುಂದೆ ಓಣಿಯ ಮುಕ್ಕಾಲು ಭಾಗ ತುಂಬಿಕೊಂಡು ನಿಂತಿತ್ತು.

ಬೀಗರನ್ನು ನಿಲ್ದಾಣದಿಂದ ಕರೆತರಲೆಂದೇ ಅವರು ಆ ಗಾಡಿಯನ್ನು ಯಾರೋ ಗುತ್ತಿಗೆದಾರನಿಂದ ಕೊಂಡಿದ್ದು. ಮೂರು ಸಾಲು ಸೀಟು, ಆಳೆತ್ತರದ ಬಾನೆಟ್ಟು, ಹತ್ತಲು ಪಕ್ಕದಲ್ಲಿ ಮೆಟ್ಟಿಲು. ಅದರೊಳಗೆ ಕುಳಿತ ಸಾಧಾರಣ ಎತ್ತರದವರ ಬಾಯಿಯೂ ಗೆರೆಗಿಂತ ಮೇಲೆ ಹೋಗುತ್ತಿತ್ತು. ಬಂಗಾರಾ, ರಾಣಿ ಆದ ಮೇಲೆ ಅದು ಅವರಿಗೂ ತಿಳಿಯಿತು. ಆಮೇಲೆ ಅವರು ಎಲ್ಲಿ ಹೋದರೂ ಜನ, "ರಾಣಿ ಆರಾಮ ಅದಾಳೇನ್ರೀ?" ಎಂದು ವಿಚಾರಿಸಿದರು. ಇನ್ನು ಪರ ಊರಿನ ಬೀಗರು, ನಮ್ಮ ರೂಢಿ ಗೊತ್ತಿಲ್ಲದವರು, ಗಾಡಿಯಲ್ಲಿ ಕುಳಿತು ಬಾಯಿಗೆ ಬಂದಿದ್ದು ಆಡಿದರೆ ಮನೆ ಮುಟ್ಟುವ ಮೊದಲೇ ಸಂಬಂಧ ಮುರಿಯುತ್ತದೆ. ಹಾಗಾಗಿ ಗಾಡಿಯನ್ನು ತಗ್ಗಿಸಬೇಕು ಎಂದು ಅವರು ಮೌಲಾಲಿಯ ಗ್ಯಾರೇಜಿಗೆ ನಡೆದರು. ನಾನೂ ಹಿಂದೆಯೇ ಹೋದೆ.

ಮೌಲಾಲಿಯ ಗ್ಯಾರೇಜಿನಲ್ಲಿ, ಗಾಡಿಯ ಕೆಳಗೆ ನಿಂತು ಕೆಲಸ ಮಾಡಲು ಆಳವಾದ ಗುಂಡಿಯೊಂದಿದೆ. ಊರಿನಲ್ಲಿ ಎತ್ತರದವರು ನಿಂತುಕೊಂಡು ಗುಟ್ಟು ಹೇಳಬಹುದಾದ ಜಾಗ ಅದೊಂದೇ. ಆದ್ದರಿಂದ ಅಲ್ಲಿ ಗಾಡಿಗಿಂತ ಗುಟ್ಟಿನ ಗಿರಾಕಿಗಳೇ ಹೆಚ್ಚು. ಮೌಲಾಲಿ ಗ್ರೀಸ್ ಮೆತ್ತಿದ ಕೈಯಲ್ಲಿ ಎಲ್ಲರದೂ ಕೇಳಿಸಿಕೊಂಡು, ಬೇಕಾದವರಿಗೆ ಬೇಕಾದಷ್ಟು ದಾಟಿಸುತ್ತಾನೆ. ಅವನಿಗೆ ಹೇಳಿದರೆ ಸ್ಟೂಲ್ ಹತ್ತಿ ಹೇಳಿದಂತೆಯೇ, ಸ್ವಲ್ಪ ತಡವಾಗುತ್ತದೆ ಅಷ್ಟೇ.

ಅವನು ಗೋಣಿಚೀಲ ಹಾಸಿ ಸಾಮಾನು ಹರವಿದ. ನನ್ನ ಗಂಡ ಮೊಣಕಾಲು ಲಟಕ್ ಎನ್ನಿಸುತ್ತ ಕುಕ್ಕರಿಸಿದರು.

"ನೋಡ್ರಿ ಸಾವಕಾರ್ರ, ಮುಂದಿನ ಸ್ಪ್ರಿಂಗ್ ಸುರುಳಿ ಗ್ಯಾಸ್ ಹಚ್ಚಿ ಒಂದೂವರಿ ಸುತ್ತು ಕೊಯ್ದ್ರ ಗಾಡಿ ಇವತ್ತ ಇಳೀತೈತಿ. ಆದ್ರ ಆಮ್ಯಾಲೆ ಸಣ್ಣ ತಗ್ಗಿನ್ಯಾಗ ಬಿದ್ರೂ ನಿಮ್ಮ ಹಲ್ಲು ನಿಮ್ಮ ಕೈಯಾಗ ಬರ್ತಾವು."

"ಉಹ್ಞೂ," ಎಂದರು ಇವರು.

"ಸಣ್ಣ ಟೈರು ಹಾಕಿದ್ರ ಮುಗೀತಲ್ಲ?" ಎಂದೆ ನಾನು.

"ಆನಿಗೆ ಆಡಿನ ಕಾಲು ಹಚ್ಚಿದಂಗ ಕಾಣಸ್ತೈತ್ರಿ ಅಕ್ಕಾರ."

"ಗಾದಿ ಕಿತ್ತು ಚಾಪಿ ಹಾಸು ಹಂಗಾರ."

"ಸಾವಕಾರ್ರಿಗೆ ರಸ್ತೆ ಕಾಣೂದು ಬ್ಯಾಡೇನು?"

ಹೀಗೆ ಬಹಳ ಹೊತ್ತು ನಡೆಯಿತು. ಕೊನೆಗೆ ಮೌಲಾಲಿ ಒಂದು ಜೊತೆ ಹೊಸ ಗಿಡ್ಡ ಸ್ಪ್ರಿಂಗುಗಳನ್ನು ತೋರಿಸಿದ. ಕೊಯ್ದದ್ದಲ್ಲ, ಗಾಡಿ ತಗ್ಗಿಸಲೆಂದೇ ಮಾಡಿದ್ದು. ಹಳೆಯ ಶಾಕ್ ಅಬ್ಸಾರ್ಬರ್ ಅವುಗಳಿಗೆ ಉದ್ದವಾಗುತ್ತದೆ, ಆದ್ದರಿಂದ ಅವೂ ಗಿಡ್ಡವೇ ಬೇಕು. ಹಿಂದಿನ ಗಾಲಿಗಳ ವಿಷಯ ಬೇರೆ. ಅಲ್ಲಿ ಸುರುಳಿ ಇಲ್ಲ, ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಾಟಾಗಳಿವೆ. ಪಾಟಾ ಮತ್ತು ಅಚ್ಚಿನ ನಡುವೆ ಒಂದು ಕಬ್ಬಿಣದ ಬ್ಲಾಕ್ ಇಟ್ಟು ಬಿಗಿದರೆ, ಬ್ಲಾಕ್ ಎಷ್ಟು ದಪ್ಪವೋ ಗಾಡಿಯ ಹಿಂಭಾಗ ಅಷ್ಟು ಇಳಿಯುತ್ತದೆ. ಎರಡು ಇಂಚಿನದು, ಮೂರಿನದು, ನಾಲ್ಕಿನದು ಇದ್ದವು. ನನ್ನ ಗಂಡ ಅವನ್ನು ಬದನೆಕಾಯಿ ಆರಿಸುವ ಹಾಗೆ ಕೈಯಲ್ಲಿ ತೂಗಿ ನೋಡಿದರು.

"ಮುಂದ ಮೂರು ಇಂಚು ಇಳಸು. ಹಿಂದ ನಾಕರದು ಹಾಕು. ಗಾಡಿ ಹಿಂದ ಎತ್ತರ ಇರ್ತೈತಿ, ಸಮ ಆಗಬೇಕು," ಎಂದರು. ಆ ತಿಂಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಮರುದಿನ ನಾನೊಬ್ಬಳೇ ಹೋಗಿ ಗುಂಡಿಗೆ ಇಳಿದೆ.

"ಮೌಲಾಲಿ, ಹಿಂದ ನಾಕರದು ಬ್ಯಾಡ. ಎರಡರದು ಹಾಕು."

ಅವನು ಬೋಲ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟ. "ಹಿಂದ ಕುಂತವ್ರ ಮಾತು ಊರಿಗೆಲ್ಲ ಕೇಳ್ತೈತಲ್ರಿ."

"ಅದಕ್ಕ ಹಾಕು ಅನ್ನಾಕತ್ತೀನಿ. ಮುಂದ ಕುಂತವ್ರ ಮಾತು ಕೇಳೂದು ಬ್ಯಾಡ, ಅವರು ಗಂಡಸರು, ಮಳಿ ಬೆಳಿ ಮಾತಾಡ್ತಾರ. ಹುಡುಗನ ಅವ್ವ, ಅತ್ತಿ, ಹುಡುಗ, ಎಲ್ಲಾರೂ ಹಿಂದ ಕುಂದ್ರತಾರ. ಅವರು ನಮ್ಮ ಹುಡುಗಿನ ನಡಸಿ, ಕುಂದ್ರಿಸಿ, ಹಾಡಿಸಿ ನೋಡಾವ್ರು. ನಾವು ಒಂದೀಟು ಕಿವಿ ಕೊಟ್ಟು ಕೇಳಿದ್ರ ಏನ್ ತಪ್ಪು?"

"ಸಾವಕಾರ್ರು ಕೇಳಿದ್ರ ನಾ ಏನ್ ಹೇಳ್ಲಿ?"

"ಅವರು ಯಾವಾಗ ಏನ್ ಕೇಳ್ಯಾರಪಾ?"

ಮೌಲಾಲಿ ಗುಂಡಿಯ ಗೋಡೆಗೆ ಒರಗಿ ಬಹಳ ಹೊತ್ತು ನಕ್ಕ. ಅವನ ಕಣ್ಣಲ್ಲಿ ಆಗಲೇ ಸೋಮವಾರ ಕಾಣುತ್ತಿತ್ತು.

ಕೆಲಸ ಮುಗಿದ ಸಂಜೆ ಮೊದಲು ಹಿಂದಿನ ಸೀಟನ್ನು ಪರೀಕ್ಷೆ ಮಾಡಿದೆವು. ಪರ ಊರಿಗೆ ಹೋಗಿದ್ದ ನನ್ನ ಗಂಡ ಇನ್ನೂ ಬಂದಿರಲಿಲ್ಲ. ಮೌಲಾಲಿ ಒಬ್ಬನೇ ಹಿಂದೆ ಹತ್ತಿ ಕುಳಿತು, "ಇವತ್ತು ಮೌಲಾಲಿ ಎಲ್ಲಾರಿಗೂ ಚಾ ಕುಡಸ್ತಾನ" ಎಂದು ಮೆಲ್ಲಗೆ ಅಂದ. ಉಸಿರು ಬಿಡುವಷ್ಟರಲ್ಲಿ ನಾಲ್ಕು ದಿಕ್ಕಿನಿಂದ ಜನ ಬಂದರು. ಬಂದವರು ಚಹಾ ಸಿಕ್ಕ ಮೇಲೂ ಹೋಗಲಿಲ್ಲ. ನನ್ನ ಗಂಡ ಬಂದಾಗ ಅವರೆಲ್ಲ ಗಾಡಿ ಹತ್ತಿ ನೋಡುವ ಸಡಗರದಲ್ಲಿದ್ದರು. ಕಿರಾಣಿ ಅಂಗಡಿಯ ಗುರುಪಾದಪ್ಪ, ಎರಡು ಜೋಳದ ಚೀಲದಷ್ಟು ಮನುಷ್ಯ, ಮುಂದಿನ ಸೀಟಿನಲ್ಲಿ ಜಾಗ ಹಿಡಿದಿದ್ದ. ಹಿಂದೆ ಮಂದಿ ಒಬ್ಬರ ತೊಡೆಯ ಮೇಲೆ ಒಬ್ಬರು. ಇಬ್ಬರು ಬಾನೆಟ್ ಏರಿ ಕುಳಿತಿದ್ದರು. ನನ್ನ ಗಂಡ ಯಾರನ್ನೂ ಇಳಿಸಲಿಲ್ಲ. ಇಳಿಸಲು ಮಾತಾಡಬೇಕಲ್ಲ. ಚಾಲಕನ ಸೀಟಿನಲ್ಲಿ ಕುಳಿತು ಗಂಟಲು ಸರಿಮಾಡಿಕೊಂಡು, "ಕೇಳಸ್ತೇನು?" ಎಂದರು. ಓಣಿಯ ಆ ತುದಿಯಲ್ಲಿ ನಿಂತ ಕಸ್ತೂರಿ ಇಲ್ಲವೆಂದು ಕೈಯಾಡಿಸಿದಳು. ಇವರು ಸ್ಟಿಯರಿಂಗ್ ಸವರಿ ಮೊದಲ ಸಲ ನಕ್ಕರು.

ಹಿಂದಿನದು ಕೇಳಬೇಕಿತ್ತು, ಕೇಳಿತು. ಮುಂದಿನದು ಕೇಳಬಾರದಿತ್ತು, ಕೇಳಲಿಲ್ಲ. ಸ್ಪ್ರಿಂಗು ಅನ್ನುವುದು ಭಾರ ಬಿದ್ದರೆ ತಗ್ಗುತ್ತದೆ, ಭಾರ ಇಳಿದರೆ ಏಳುತ್ತದೆ ಎಂಬ ಸಣ್ಣ ಸಂಗತಿ ಅಲ್ಲಿದ್ದ ಅಷ್ಟೂ ಜಾಣರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಇಲ್ಲ. ಮೌಲಾಲಿಗೆ ಹೊಳೆಯಬೇಕಿತ್ತು, ಆದರೆ ಅವನು ಅಷ್ಟು ಜನರ ಚಹಾದ ಲೆಕ್ಕ ಯಾರು ಕೊಡಬೇಕೆಂದು ಜಗಳ ತೆಗೆದಿದ್ದ.

ಸೋಮವಾರ ಊರಿಗೆ ಊರೇ ರಜೆ ಹಾಕಿದಂತಿತ್ತು. ಮೌಲಾಲಿ ಗುಂಡಿಯಲ್ಲಿ ಯಾರ್ಯಾರಿಗೆ ಹೇಳಿದ್ದನೋ, ನನ್ನ ಗಂಡನೊಬ್ಬನನ್ನು ಬಿಟ್ಟು ಎಲ್ಲರಿಗೂ ವಿಷಯ ಗೊತ್ತಿತ್ತು. ಕಟ್ಟೆಗಳ ಮೇಲೆ ಜನ ಎಲೆಯಡಿಕೆ ಚೀಲ ಇಟ್ಟುಕೊಂಡು ಕುಳಿತಿದ್ದರು. ಶಾಲೆಯ ಮಾಸ್ತರು ಮಕ್ಕಳಿಗೆ ಓದಲು ಹಚ್ಚಿ ಕಿಟಕಿಗೆ ಬಂದಿದ್ದರು. ಇವರು ಗಾಡಿ ತೆಗೆದುಕೊಂಡು ನಿಲ್ದಾಣಕ್ಕೆ ಹೋದರು. ನಾನು ಮತ್ತು ಕಸ್ತೂರಿ ಅಡುಗೆಮನೆಯಲ್ಲಿ ಒಲೆ ಸಣ್ಣಗೆ ಮಾಡಿ ಕಿವಿ ತೆರೆದು ನಿಂತೆವು.

ಒಂದು ಸೊಲ್ಲೂ ಇಲ್ಲ. ಗಾಡಿ ಬಜಾರ ದಾಟಿದ ಸದ್ದು ಕೇಳಿತು, ನಮ್ಮ ಓಣಿಗೆ ತಿರುಗಿದ ಸದ್ದು ಕೇಳಿತು. ಮಾತಿಲ್ಲ. ಗಾಡಿ ಬಾಗಿಲಿಗೆ ಬಂದಾಗ ನನಗೆ ಕಾರಣ ಕಾಣಿಸಿತು. ಹುಡುಗನ ಅಪ್ಪ ಮುಂದಿನ ಸೀಟು ತುಂಬಿ ಹೊರಗೂ ಸ್ವಲ್ಪ ಬಂದಿದ್ದರು. ಹಿಂದೆ ಹುಡುಗನ ಅವ್ವ, ಅತ್ತೆ, ದೊಡ್ಡಪ್ಪ, ದೊಡ್ಡವ್ವ, ಸಂಬಂಧ ತಿಳಿಯದ ಇನ್ನಿಬ್ಬರು, ನಡುವೆ ಹುಡುಗ. ಜೊತೆಗೆ ಹಣ್ಣಿನ ಬುಟ್ಟಿಗಳು. ಎಲ್ಲರೂ ತಿಂದುಂಡು ಸುಖವಾಗಿದ್ದ ಮನೆತನ. ಗಾಡಿಯ ಹಿಂಭಾಗ ನೆಲ ಮುಟ್ಟುವಷ್ಟು ಕುಸಿದಿತ್ತು. ಒಬ್ಬೊಬ್ಬರು ಇಳಿದಂತೆ ಅದು ಒಂದೊಂದು ಬೆರಳು ಮೇಲೇಳುವುದನ್ನು ನಾನು ನೋಡಿದೆ. ನೋಡಿಯೂ ನನಗೆ ಬೀಗರ ಮಾತು ತಪ್ಪಿಹೋದದ್ದು ಮಾತ್ರ ಹೊಳೆಯಿತು, ಮುಂದಿನದು ಹೊಳೆಯಲಿಲ್ಲ. ಎದುರು ಕಟ್ಟೆಯವರು ನನ್ನತ್ತ ನೋಡಿದ ನೋಟದಲ್ಲಿ ಹಬ್ಬದೂಟಕ್ಕೆ ಕರೆದು ಗಂಜಿ ಬಡಿಸಿದವಳ ಮೇಲಿನ ಸಿಟ್ಟಿತ್ತು.

ಬಂದವರು ಚಾಪೆಯ ಮೇಲೆ ಕುಳಿತು ಹೋಳಿಗೆ ಉಂಡರು. ಕಸ್ತೂರಿಯನ್ನು ನಡೆಸಿದರು, ಕುಳ್ಳಿರಿಸಿದರು. ಹುಡುಗ ಸಭ್ಯನೇ. ಅವನು ಆ ಮಧ್ಯಾಹ್ನವೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಅದೂ ನನ್ನ ಗಂಡನಿಗೆ. "ಈ ಗಾಡಿ ಲೀಟರಿಗೆ ಎಷ್ಟು ಕೊಡ್ತದ್ರೀ?" ಹುಡುಗನ ಅಪ್ಪ ಕೈ ತೊಳೆದು, "ನಮಗೇನೋ ಒಪ್ಪಿಗೆ ಅದ. ಸಂಜಿಯೊಳಗ ನಿಮ್ಮದೊಂದು ಮಾತು ಫೋನಿನ್ಯಾಗ ಹೇಳಿಬಿಡ್ರಿ, ಮುಂದಿನ ತಿಂಗಳ ಮುಹೂರ್ತ ಅದಾವ" ಎಂದರು. ಕಸ್ತೂರಿ ನೆಲ ನೋಡುತ್ತ, "ಕಾಕಾ ಹೇಳಿದಂಗ" ಎಂದಳು. ನನ್ನ ಗಂಡ ಅವಳ ಮುಖ ನೋಡಲಿಲ್ಲ. ಗಾಡಿಯ ಕೀಲಿ ಕೈಗೆತ್ತಿಕೊಂಡರು. ನನಗೆ ಅವರ ಮೇಲೆ ಮೈ ಉರಿಯುವಷ್ಟು ಸಿಟ್ಟು ಬಂತು.

ಬೀಗರನ್ನು ನಿಲ್ದಾಣಕ್ಕೆ ಬಿಡುವ ಹಾದಿಯಲ್ಲಿ ನಾನೂ ಹಣ್ಣಿನ ಬುಟ್ಟಿಯ ಹಾಗೆ ಒಂದು ಸಂದಿಯಲ್ಲಿ ಸೇರಿಕೊಂಡು ಹೋದೆ. ಬೀಗರು ಬಸ್ಸು ಹತ್ತಿದರು, ಬಸ್ಸು ಹೋಯಿತು. ನಾನು ಮುಂದಿನ ಸೀಟಿಗೆ ಬಂದೆ. ನಾನು ಕುಳಿತದ್ದು ಆ ಸೀಟಿಗೇ ಗೊತ್ತಾಗಿರಲಾರದು. ನನ್ನ ಕಣ್ಣು ಕಿಟಕಿಯ ಅಂಚಿಗೆ ಸರಿಯಾಗಿ ಬರುತ್ತಿತ್ತು, ಬಾಯಿ ಅದರ ಕೆಳಗೇ ಉಳಿಯುತ್ತಿತ್ತು. ಊರ ಒಳಗೆ ಬರುತ್ತ ಕೇಳಿದೆ, "ಬರೂ ಮುಂದ ಅವರು ಗಾಡ್ಯಾಗ ಏನ್ ಮಾತಾಡಿದ್ರು?"

ಹ್ಞೂ ಬರುತ್ತದೆಯೋ ಉಹ್ಞೂ ಬರುತ್ತದೆಯೋ ಎಂದು ಕಾದೆ. ಅವರು ಬೆನ್ನು ಹಿಂದಕ್ಕೆ ಚಾಚಿ ಆರಾಮಾಗಿ ಕುಳಿತರು. ಮೊಣಕಾಲು ಮಡಿಸಬೇಕಾಗಿಲ್ಲ, ಗೆರೆಯ ಭಯವಿಲ್ಲ, ದೊಡ್ಡವರ ಹಾಗೆ ಕುರ್ಚಿಯಲ್ಲಿ ಕುಳಿತು ಮಾತಾಡಬಹುದು. ಅದೆಷ್ಟು ವರ್ಷದ್ದು ಒಳಗೆ ಕೂಡಿತ್ತೋ, ಹೊರಗೆ ಬಂತು.

"ಏನ್ ಮಾತಾಡ್ತಾರ? ಹುಡುಗನ ಅವ್ವ ಅಂತಾಳ, ಹುಡುಗಿ ಉದ್ದ ಅದಾಳಂತ, ಚಲೋ ಆತು, ಅಟ್ಟದ ಮ್ಯಾಲಿನ ಡಬ್ಬಿ ತಗ್ಯಾಕ ಸ್ಟೂಲ್ ಹುಡುಕೂದು ತಪ್ಪತೈತಿ ಅಂತ. ನಮ್ಮ ಕಸ್ತೂರಿ ಇವರಿಗೆ ಡಬ್ಬಿ ತಗ್ಯಾಕ. ಹುಡುಗರ ಒಂದ್ ಮಾತು ಅವ್ವಗ ಅಂತಾನೇನು? ಡ್ಯಾಶ್‌ಬೋರ್ಡ್ ನೋಡಕೋತ ಕುಂತಾನ. ಆ ಅತ್ತಿ ಹಾದಿ ತುಂಬ ಅದನ್ನ ಇದನ್ನ ತಿಂದ್ಲು, ಆಮ್ಯಾಲೆ ನಮ್ಮ ಮನ್ಯಾಗ ಏಳು ಹೋಳಿಗಿ. ನಾ ಎಣಿಸಬಾರದಂತ ಇದ್ದೆ, ಆದ್ರ ಎಣಿಸೀನಿ."

"ಹಂಗಾದ್ರ ಯಾಕ ಈ ಸಂಬಂಧ?"

"ಯಾಕ ಅಂದ್ರ? ಆ ಗುರುಪಾದಪ್ಪ ಅಂಗಡ್ಯಾಗ ಕುಂತು ಮಂದಿಗೆ ಹೇಳ್ತಾನ, ಅಣ್ಣನ ಮಗಳನ್ನ ಮನಿ ಚಾಕರಿಗೆ ಇಟ್ಕೊಂಡಾನ, ಅದಕ್ಕ ಮದಿವಿ ಮಾಡವಲ್ಲ ಅಂತ. ತಾ ಬ್ಯಾಳ್ಯಾಗ ಕಲ್ಲು ಕೂಡಸಾಂವ, ನನ್ನ ಬಗ್ಗೆ ಮಾತಾಡ್ತಾನ."

ಆ ಹೊತ್ತಿಗೆ ನಾವು ಗುರುಪಾದಪ್ಪನ ಅಂಗಡಿಯನ್ನೇ ದಾಟುತ್ತಿದ್ದೆವು. ಅವನು ತಕ್ಕಡಿ ಕೈಯಲ್ಲಿ ಹಿಡಿದು ಎದ್ದು ನಿಂತಿದ್ದ. ಬಾಯಿ ಮುಚ್ಚಿತ್ತು. ಅವನ ಪಕ್ಕದ ದರ್ಜಿಯೂ ಎದ್ದು ನಿಂತಿದ್ದ. ಮುಂದಿನ ಕಟ್ಟೆಯಲ್ಲಿ ಆರು ಜನ, ಅದರ ಮುಂದಿನದರಲ್ಲಿ ಹೆಂಗಸರು, ಎಲ್ಲರೂ ನಿಂತಿದ್ದರು, ಎಲ್ಲರ ಬಾಯಿಯೂ ಮುಚ್ಚಿತ್ತು. ನನಗೆ ಆಗ ಹೊಳೆಯಿತು. ನಾನು ಕತ್ತು ಚಾಚಿ ಕಿಟಕಿಯಿಂದ ನೋಡಿದೆ. ಹಾದಿ ಬದಿಯ ಗೋಡೆಗಳ ಮೇಲಿನ ಕೆಂಪು ಗೆರೆ ನನ್ನ ಗಂಡನ ಗದ್ದದ ನೇರಕ್ಕೆ ಸರಿಯುತ್ತಿತ್ತು. ಬಾಯಿ ಎರಡು ಬೆರಳು ಮೇಲಿತ್ತು. ಆ ಕಡೆ ಜೋಳದ ಚೀಲದಂಥ ಗುರುಪಾದಪ್ಪ ಇಲ್ಲ, ಈ ಕಡೆ ಬೀಗರಿಲ್ಲ, ಬಾನೆಟ್ ಮೇಲೆ ಯಾರೂ ಇಲ್ಲ. ಹಗುರಾದ ಗಾಡಿ ನಿರಾಳವಾಗಿ ಮೈ ಎತ್ತಿಕೊಂಡು ನಡೆದಿತ್ತು.

ಹೆಂಡತಿ ಅನ್ನಿಸಿಕೊಂಡವಳು ಆಗ ಅವರ ಕೈ ಹಿಡಿದು ಸುಮ್ಮನಿರಿಸಬೇಕಿತ್ತು. ನನಗೆ ಗೊತ್ತು. ಆದರೆ ಮನೆಯಲ್ಲಿ ಕಸ್ತೂರಿಯೂ ಎದ್ದು ನಿಂತಿರುತ್ತಾಳೆ ಎನ್ನುವುದೂ ಗೊತ್ತಿತ್ತು. ನಾನು ಸೀಟಿನಲ್ಲಿ ಇನ್ನೂ ಸ್ವಲ್ಪ ಕೆಳಗೆ ಜಾರಿದೆ, ಯಾವುದಕ್ಕೂ ಇರಲಿ ಎಂದು. ಊರಿಗೆ ಅವರ ಉತ್ತರ ಮಾತ್ರ ಕೇಳುತ್ತದೆ, ನನ್ನ ಪ್ರಶ್ನೆ ಕೇಳುವುದಿಲ್ಲ. ಇಂಥ ಅನುಕೂಲ ಯಾವ ಹೆಂಡತಿಗೆ ಸಿಕ್ಕೀತು?

"ಊರು ಏನರ ಅನ್ನಲಿ. ನಿಮಗ ಆಕಿ ಇರೂದು ಬ್ಯಾಡೇನು?" ಎಂದೆ.

ಗಾಡಿಯ ವೇಗ ಕಡಿಮೆಯಾಯಿತು.

"ಎಂಥಾ ಮಾತು ಕೇಳ್ತಿ. ಕಸ್ತೂರಿ ಇರೂದು ನನಗ ಬ್ಯಾಡ? ಮುಂಜಾನೆ ಆಕಿ ಊರವರು ಕೇಳ್ರಿ ಅಂದಮ್ಯಾಲ ನಾ ಕಣ್ಣು ತೆರ್ಯೂದು. ಅದಕ್ಕೂ ಮೊದಲ ಎಚ್ಚರ ಆಗಿರ್ತೈತಿ, ಆದ್ರೂ ಕಣ್ಣು ಮುಚ್ಚಿಕೊಂಡ ಬಿದ್ದಿರ್ತೀನಿ, ಆಕಿ ದನಿ ಬರಲಿ ಅಂತ. ಆಕಿ ಹೋದ ಮರುದಿನ ನಾ ಹ್ಯಾಂಗ ಏಳ್ಲಿ?"

ಈ ಮನುಷ್ಯ ಮಂಚದ ಆ ತುದಿಯಲ್ಲಿ ಎಚ್ಚರವಾಗಿ ಮಲಗಿರುತ್ತಾರೆಂದು ಈ ತುದಿಯ ನನಗೆ ಗೊತ್ತಿರಲಿಲ್ಲ.

"ಮತ್ತ ಆಕಿನ ಒಂದ್ ಮಾತು ಯಾಕ ಕೇಳಲಿಲ್ಲ ನೀವು, ನಿನಗ ಹೋಗಾಕ ಇಷ್ಟ ಐತೇನು ಅಂತ?"

ಹಾದಿಯ ಎರಡೂ ಬದಿ ಜನ ನಿಂತೇ ಇದ್ದರು. ಇವರ ಕಣ್ಣಿಗೆ ಅದು ಬಿದ್ದರೂ, ತಮ್ಮ ಹೊಸ ಗಾಡಿಗೆ ಮರ್ಯಾದೆ ಕೊಡುತ್ತಿದ್ದಾರೆಂದು ತಿಳಿದು ಒಬ್ಬಿಬ್ಬರಿಗೆ ಕೈಯನ್ನೂ ಎತ್ತಿದರು.

"ಕೇಳಿದ್ರ ಹ್ಞೂ ಅಂದ್ರ?" ಎಂದರು ಕೊನೆಗೆ. "ಹೋಗ್ತೀನಿ ಕಾಕಾ ಅಂದುಬಿಟ್ರ? ಆ ಅಂಜಿಕಿಗೆ ಕೇಳಿಲ್ಲ. ನಾನ ಕಳಿಸಿದೆ ಅಂದ್ರ ಹ್ಯಾಂಗೋ ತಡ್ಕೋಬಹುದು. ಆಕಿ ತಾನ ಬಿಟ್ಟು ಹೋದ್ಲು ಅಂದ್ರ ತಡ್ಕೊಳ್ಳಾಕ ಆಗೂದಿಲ್ಲ."

ಇಲ್ಲಿಗೆ ನಾನು ನಿಲ್ಲಿಸಬೇಕಿತ್ತು. ಕೆಲಸ ಆಗಿತ್ತು. ಕಣ್ಣು ಒರೆಸಿಕೊಂಡು ಸುಮ್ಮನಿದ್ದಿದ್ದರೆ ನನ್ನ ಮಾನವೂ ಉಳಿಯುತ್ತಿತ್ತು. ಆದರೆ ಇಷ್ಟು ಚೆನ್ನಾಗಿ ಉತ್ತರ ಕೊಡುತ್ತಿರುವ ಗಂಡ ಮತ್ತೆ ಯಾವಾಗ ಸಿಗುತ್ತಾನೆ ಎಂಬ ಆಸೆಗೆ ಬಿದ್ದೆ.

"ಆವತ್ತ ಬಂಗಾರಾ, ರಾಣಿ ಅಂದ್ರಲ್ಲ. ಖರೇ ಹೇಳ್ರಿ, ಯಾರಿಗೆ ಅಂದದ್ದು?"

"ಸುಳ್ಳ್ಯಾಕ ಹೇಳ್ಲಿ," ಎಂದರು ನನ್ನ ಗಂಡ. "ರಾಣಿ ಅಂದದ್ದು ಗಾಡಿಗೇ."

ಬಲಗಡೆಯ ಎತ್ತರದ ಕಟ್ಟೆಯ ಮೇಲೆ ದರ್ಜಿಯ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡಿದ್ದು ಕಾಣಿಸಿತು. ಅವಳಿಗೆ ನನ್ನ ಪ್ರಶ್ನೆ ಕೇಳಿರಲಿಲ್ಲ, ಆದರೆ ಅದು ಏನಿದ್ದಿರಬಹುದೆಂದು ಊಹಿಸಲು ಬಹಳ ಬುದ್ಧಿ ಬೇಕಿರಲಿಲ್ಲ.

ಗಾಡಿ ನಮ್ಮ ಓಣಿಯ ತಿರುವಿಗೆ ಬಂತು. ಆಗ ನಮ್ಮಿಬ್ಬರ ಕಿವಿಯ ಪಕ್ಕದಲ್ಲೂ ಕಸ್ತೂರಿಯ ದನಿ ಕೇಳಿತು. ಸಂಜೆಯ ಹೊತ್ತಿನಲ್ಲಿ ಆ ದನಿ ಕೇಳಿ ಕೆಳಗಿನ ಓಣಿಯ ಒಬ್ಬಿಬ್ಬರು ಕೊಡಕ್ಕೆ ಕೈ ಹಾಕಿದರಂತೆ.

"ಊರವರು ಕೇಳ್ರಿ," ಎಂದಳು. ದನಿ ಒಂದಿಷ್ಟು ನಡುಗಿ ಮತ್ತೆ ನೆಟ್ಟಗಾಯಿತು. "ನಾಳೆ ಮುಂಜಾನೆ ಎಂದಿನಂಗ ನೀರು ಬರ್ತೈತಿ. ಸುದ್ದಿ ಹೇಳಾಕ ನಾನ ಬರ್ತೀನಿ. ನಾಡಿದ್ದೂ ನಾನ ಬರ್ತೀನಿ. ನನಗ ಹೋಗಾಕ ಇಷ್ಟ ಇಲ್ಲ. ಬೀಗರಿಗೆ ಚಿಗವ್ವ ಫೋನ್ ಮಾಡಿ ಹೇಳಲಿ, ಡಬ್ಬಿ ತಗ್ಯಾಕ ಒಂದ್ ಸ್ಟೂಲ್ ತಗೋರಿ ಅಂತ. ಕಾಕಾ, ತಿರುವಿನ್ಯಾಗ ಕರು ಮಲಗೇತಿ, ಸಾವಕಾಶ ಬಾ."

ನನ್ನ ಗಂಡ ಬ್ರೇಕ್ ಒತ್ತಿದರು. ಕರು ಎದ್ದು ಹೋಯಿತು. ಗಾಡಿ ಅಲ್ಲೇ ನಿಂತಿತು. ಅವರು ಹಿಂದೆ ನೋಡಿದರು, ಕಟ್ಟೆಗಳ ಮೇಲೆ ನಿಂತಿದ್ದ ಜನರನ್ನು ನೋಡಿದರು, ಪಕ್ಕದ ಗೋಡೆಯ ಗೆರೆ ನೋಡಿದರು, ಕನ್ನಡಿಯಲ್ಲಿ ತಮ್ಮ ಬಾಯಿ ನೋಡಿಕೊಂಡರು. ಅಂಗಡಿ, ಬೇಳೆ, ಹೋಳಿಗೆ, ಅಂಜಿಕೆ, ಎಲ್ಲ ಒಂದೊಂದಾಗಿ ಅವರ ಮುಖದ ಮೇಲೆ ಹಾದುಹೋಯಿತು. ಕಣ್ಣು ತುಂಬಿದ್ದವು. ಅದು ನಾಚಿಕೆಗೋ ಖುಷಿಗೋ ಎಂದು ಅವರನ್ನೇ ಕೇಳಿದರೂ ಆಗ ಹೇಳುತ್ತಿರಲಿಲ್ಲ.

ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು. ಸೀಟಿನಲ್ಲಿ ಅರ್ಧ ಜಾರಿ ಕುಳಿತ ನನ್ನನ್ನು ಮೇಲಿಂದ ನೋಡಿದರು.

"ನಿನಗ ಗೊತ್ತಿತ್ತೇನು?"

ಅದೂ ಊರಿಗೆಲ್ಲ ಕೇಳಿಸಿತು. ಇನ್ನು ಊರಿಗೆ ಬೇಕಾಗಿದ್ದು ನನ್ನ ಉತ್ತರ. ಗುರುಪಾದಪ್ಪ ತಕ್ಕಡಿ ಕೆಳಗಿಟ್ಟಿದ್ದನಂತೆ. ಮೌಲಾಲಿ ಗುಂಡಿಯಿಂದ ಮೇಲೆ ಬಂದಿದ್ದನಂತೆ. ಮನೆಯ ಮುಂದೆ ಕಸ್ತೂರಿ ಕತ್ತು ಚಾಚಿ ನಿಂತಿದ್ದಳು. ಎಲ್ಲರ ಬಾಯಿಯೂ ಮುಚ್ಚಿತ್ತು.

ನಾನು ಏಳಲಿಲ್ಲ. ಕುಳಿತಲ್ಲೇ, ನನ್ನ ಎತ್ತರದಲ್ಲೇ, ಅವರಿಗೆ ಉತ್ತರ ಹೇಳಿದೆ. ಅವರು ನಕ್ಕಿದ್ದಷ್ಟೇ ಊರಿಗೆ ಕೇಳಿಸಿತು.